ಕಟ್ಟೆ ಇದೆ, ನ್ಯಾಯ ಹೇಳುವವರಿಲ್ಲ: ಕರ್ನಾಟಕದ ನಲವತ್ತು ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ.

ಲೋಕಸಭೆಗೆ 28, ರಾಜ್ಯಸಭೆಗೆ 12. ಕರ್ನಾಟಕದಿಂದ ದೆಹಲಿಗೆ ಹೋಗುವ ನಲವತ್ತೂ ಮಂದಿಗೆ ಒಂದೇ ಪತ್ರ ಬರೆಯುತ್ತಿದ್ದೇನೆ. ಪಕ್ಷ ನೋಡಿ ಬರೆದದ್ದಲ್ಲ. ವಿಷಯ ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆ. ಹೆಸರು ಕೇಳಿದ ತಕ್ಷಣ ಪತ್ರ ಮಡಚಿ ಪಕ್ಕಕ್ಕಿಡಬೇಡಿ. ಕಬ್ಬಿನಿಂದಲೇ ಶುರು ಮಾಡುತ್ತೇನೆ.

ನಾನು ಮಂಡ್ಯ ಜಿಲ್ಲೆಯವನು. ವಿ.ಸಿ. ನಾಲೆಯ ನೀರು ಬರುವ ಎರಡೂವರೆ ಎಕರೆ ಇದೆ. ಎರಡು ಎಕರೆಗೆ ಕಬ್ಬು, ಉಳಿದದ್ದಕ್ಕೆ ಭತ್ತ, ಬದುವಿನ ಮೇಲೆ ನಾಲ್ಕು ತೆಂಗು. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆ ನನ್ನ ಕಬ್ಬಿನ ಬಿಲ್ಲನ್ನು ಏಳು ತಿಂಗಳು ಇಟ್ಟುಕೊಂಡಿತು. ಕಾನೂನು ನನ್ನ ಕಡೆಗೇ ಇತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೈಗೆ ಬರಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಆದೇಶದ ಜೆರಾಕ್ಸ್ ಹಿಡಿದುಕೊಂಡು ಹೋದೆ. ಅಲ್ಲಿದ್ದ ಗುಮಾಸ್ತ ಪೂರ್ತಿ ಓದಿದ. ಕಾಗದ ವಾಪಸ್ ಕೊಡುತ್ತಾ ನಕ್ಕು, 'ಎಲ್ಲಾ ಸರಿಯಾಗೇ ಇದೆ ಸ್ವಾಮಿ. ಆದ್ರೆ ಯಾರ ಹತ್ರ ಹೋಗ್ತೀರಿ?' ಅಂದ.

ಅಸಲು ಮೂರು ಕಂತಿನಲ್ಲಿ ಬಂತು. ಬಡ್ಡಿ ಬರಲೇ ಇಲ್ಲ.

ಈಗ ಇನ್ನೊಂದು. 2025ರ ಆಗಸ್ಟ್ 27ರಿಂದ ನಮ್ಮ ದೇಶದ ಬಹುಪಾಲು ಸರಕಿನ ಮೇಲೆ ಅಮೆರಿಕ ಶೇ 50ರ ಸುಂಕ ಹಾಕಿತು. ನಮ್ಮೂರಿನಿಂದ ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸ್ ಬಸ್ಸು ಹೊರಡುತ್ತದೆ. ನನ್ನ ಅಕ್ಕನ ಮಗಳೂ ಅದರಲ್ಲಿ ಹೋಗುತ್ತಾಳೆ. ಅವಳು ಹೊಲಿಯುವ ಅಂಗಿಗಳು ಅಮೆರಿಕದ ಅಂಗಡಿಗೇ ಹೋಗುವುದು. ಸ್ವಲ್ಪ ದಿನಕ್ಕೆ ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ, ನಿಂತಿತು. ಆ ಭಾನುವಾರ ಮನೆಗೆ ಬಂದವಳು, 'ಮಾವ, ಒಂದು ದೇಶ ಹಿಂಗೆ ಮನಸ್ಸಿಗೆ ಬಂದಷ್ಟು ಹಾಕಬಹುದಾ? ಕೇಳೋರು ಯಾರೂ ಇಲ್ವಾ?' ಅಂದಳು.

ಹಾಕುವಂತಿಲ್ಲ. ಡಬ್ಲ್ಯುಟಿಒ ಒಪ್ಪಂದದ ಮೊದಲ ಕಲಮೇ ಅದು. ಒಂದು ಸದಸ್ಯ ದೇಶಕ್ಕೆ ಎಷ್ಟು ಸುಂಕವೋ ಮಿಕ್ಕವರಿಗೂ ಅಷ್ಟೇ, ಮುಖ ನೋಡಿ ಮಣೆ ಹಾಕುವಂತಿಲ್ಲ. ಇಬ್ಬರು ಮೂವರು ಸೇರಿ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡಂಥ ಕೆಲವು ಸಂದರ್ಭಕ್ಕೆ ಮಾತ್ರ ರಿಯಾಯಿತಿ. ಅದರ ಜೊತೆಗೆ ಪ್ರತಿ ದೇಶವೂ ತಾನು ಯಾವ ಸರಕಿಗೆ ಎಷ್ಟರವರೆಗೆ ಸುಂಕ ಏರಿಸಬಹುದು ಅಂತ ಗರಿಷ್ಠ ಮಿತಿ ಬರೆದುಕೊಟ್ಟಿರುತ್ತದೆ. ಶೇ 50 ಎರಡನ್ನೂ ಮೀರಿದ್ದು. ಕೇಳುವ ಜಾಗವೂ ಇತ್ತು. 2019ರ ಡಿಸೆಂಬರ್‌ನಿಂದ ಅಲ್ಲಿ ಕೊನೆಯ ತೀರ್ಪು ಹೇಳುವವರಿಲ್ಲ.

ಆ ಜಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಗೊತ್ತಿರಬಹುದು. ಆದರೆ ಈ ಪತ್ರವನ್ನು ನಮ್ಮ ಕಡೆಯವರೂ ಓದುತ್ತಾರೆ.

ಜಿನೀವಾದ ಸರೋವರದ ದಂಡೆಯಲ್ಲಿ ಆ ಸಂಸ್ಥೆಯ ಕಟ್ಟಡ ಇದೆ. ಸದಸ್ಯ ದೇಶಗಳು 166. ಒಬ್ಬರು ಇನ್ನೊಬ್ಬರ ಮೇಲೆ ದೂರು ಕೊಟ್ಟರೆ ಮೊದಲು ಕೂತು ಮಾತಾಡಬೇಕು. ಬಗೆಹರಿಯದಿದ್ದರೆ ಮೂವರ ಸಮಿತಿ ವಿಚಾರಣೆ ಮಾಡುತ್ತದೆ. ಅದರ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಮಂಡಳಿ. ಅದರಲ್ಲಿ ಏಳು ಮಂದಿ, ನಾಲ್ಕು ವರ್ಷದ ಅವಧಿ, ಒಂದೊಂದು ಮೊಕದ್ದಮೆಗೆ ಮೂವರು ಕೂರಬೇಕು. 1995ರಿಂದ ಈವರೆಗೆ 600ಕ್ಕೂ ಹೆಚ್ಚು ದೂರುಗಳು ಆ ಬಾಗಿಲಿಗೆ ಬಂದಿವೆ. ದೊಡ್ಡ ದೇಶವನ್ನು ಸಣ್ಣ ದೇಶ ಎಳೆದು ತಂದು ನಿಲ್ಲಿಸಿದ್ದೂ ಉಂಟು.

ಏಳು ಮಂದಿಯಲ್ಲಿ ಒಬ್ಬೊಬ್ಬರ ಅವಧಿ ಮುಗಿದ ಹಾಗೆ ಹೊಸಬರನ್ನು ನೇಮಿಸಬೇಕು. ಅದಕ್ಕೆ ಎಲ್ಲರ ಒಪ್ಪಿಗೆ ಬೇಕು. ಅಮೆರಿಕ ಒಪ್ಪಿಗೆ ಕೊಡುವುದನ್ನು ನಿಲ್ಲಿಸಿತು. ಇದು ಟ್ರಂಪ್ ಒಬ್ಬರ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ. ಒಬಾಮಾ ಕಾಲದಲ್ಲೇ, 2016ರಲ್ಲಿ, ದಕ್ಷಿಣ ಕೊರಿಯಾದ ಸದಸ್ಯರೊಬ್ಬರ ಮರುನೇಮಕಕ್ಕೆ ಅಡ್ಡಗಾಲು ಹಾಕಿದ್ದರು. ಬೈಡನ್ ಬಂದ ಮೇಲೂ ಗಂಟು ಬಿಚ್ಚಲಿಲ್ಲ. 2019ರ ಡಿಸೆಂಬರ್ 10ಕ್ಕೆ ಇಬ್ಬರ ಅವಧಿ ಮುಗಿದು, ಒಬ್ಬರೇ ಉಳಿದರು. ಹಾಗೆ ಹೊರಗೆ ಹೋದ ಇಬ್ಬರಲ್ಲಿ ಒಬ್ಬರು ನಮ್ಮವರೇ, ಭಾರತದ ಉಜಾಲ್ ಸಿಂಗ್ ಭಾಟಿಯಾ. ಅವರು ಮಂಡಳಿಯ ಅಧ್ಯಕ್ಷರೂ ಆಗಿದ್ದವರು. 2020ರ ನವೆಂಬರ್ ಕೊನೆಗೆ ಉಳಿದಿದ್ದ ಒಬ್ಬರೂ ಎದ್ದು ಹೋದರು. ಅಲ್ಲಿಂದ ಏಳೂ ಕುರ್ಚಿ ಖಾಲಿ.

ಖಾಲಿ ಆದದ್ದರ ಪರಿಣಾಮ ಸ್ವಲ್ಪ ವಿಚಿತ್ರ. ಕೆಳಗಿನ ಸಮಿತಿ ಈಗಲೂ ಕೆಲಸ ಮಾಡುತ್ತದೆ, ತೀರ್ಪು ಕೊಡುತ್ತದೆ. ಸೋತವನು ಏನು ಮಾಡುತ್ತಾನೆ? ಮೇಲ್ಮನವಿ ಹಾಕುತ್ತಾನೆ. ಕೇಳುವ ಮಂಡಳಿಯೇ ಇಲ್ಲ. ಹಾಗಾಗಿ ಮೊಕದ್ದಮೆ ಅಲ್ಲೇ ನೇತಾಡುತ್ತದೆ. ತೀರ್ಪು ಜಾರಿಗೆ ಬರುವುದಿಲ್ಲ. ಸೋತರೂ ಸೋತ ಹಾಗಲ್ಲ. ಮುಚ್ಚಿದ ಅಂಚೆ ಕಚೇರಿಯ ಡಬ್ಬಕ್ಕೆ ಕಾಗದ ಹಾಕಿ, ಉತ್ತರ ಬರಲಿ ಅಂತ ಕಾದ ಹಾಗೆ. ಅಮೆರಿಕ 2018ರಲ್ಲಿ ಉಕ್ಕಿನ ಮೇಲೆ ಹಾಕಿದ ಸುಂಕ ತಪ್ಪು ಅಂತ 2022ರ ಡಿಸೆಂಬರ್‌ನಲ್ಲಿ ಸಮಿತಿ ಹೇಳಿತು. ಮುಂದಿನ ತಿಂಗಳೇ ಅಮೆರಿಕ ಇದೇ ಡಬ್ಬಕ್ಕೆ ಮೇಲ್ಮನವಿ ಹಾಕಿತು. ಇಂಡೋನೇಷ್ಯಾ ನಿಕಲ್ ಅದಿರಿನ ಮೊಕದ್ದಮೆಯಲ್ಲಿ ಅದನ್ನೇ ಮಾಡಿತು.

ನಾವೂ ಅದನ್ನೇ ಮಾಡಿದೆವು, ಸಂಸದರೇ. ಅದೂ ನನ್ನ ಬೆಳೆಯ ಹೆಸರಿನಲ್ಲಿ.

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಸೇರಿ ಭಾರತದ ಕಬ್ಬು, ಸಕ್ಕರೆಯ ಮೇಲೆ ದೂರು ಕೊಟ್ಟವು. ಕಾರ್ಖಾನೆ ಕಬ್ಬಿಗೆ ಇಷ್ಟಾದರೂ ಕೊಡಲೇಬೇಕು ಅಂತ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ಬೆಲೆ ಮಿತಿ ಮೀರಿದ ಸಹಾಯಧನ, ಸಕ್ಕರೆ ರಫ್ತಿಗೆ ಕೊಡುವ ಹಣವೂ ನಿಯಮಕ್ಕೆ ವಿರುದ್ಧ ಅಂತ ವಾದ. ನಮ್ಮವರ ಉತ್ತರ ಸರಳವಾಗಿತ್ತು. ಎಫ್‌ಆರ್‌ಪಿ ಕೊಡುವುದು ಸಕ್ಕರೆ ಕಾರ್ಖಾನೆ, ಸರ್ಕಾರ ಅಲ್ಲ. ಸರ್ಕಾರದ ಖಜಾನೆಯಿಂದ ಹೋಗದ ದುಡ್ಡು ಸಹಾಯಧನ ಹೇಗಾಗುತ್ತದೆ? ನನಗೂ ಅದು ಸರಿ ಅನಿಸಿತ್ತು. ಸಮಿತಿಗೆ ಅನಿಸಲಿಲ್ಲ. ದುಡ್ಡು ಯಾರು ಕೊಟ್ಟರೂ, ಬೆಲೆ ಇಷ್ಟೇ ಇರಬೇಕು ಅಂತ ಸರ್ಕಾರ ಕಟ್ಟಿದ್ದರೆ ಅದು ಬೆಲೆ ಬೆಂಬಲವೇ ಅಂತು. 2014-15ರಿಂದ 2018-19ರವರೆಗೆ ಸತತ ಐದು ಹಂಗಾಮು ಭಾರತ ಶೇ 10ರ ಮಿತಿ ದಾಟಿದೆ ಅಂತ 2021ರ ಡಿಸೆಂಬರ್ 14ರಂದು ತೀರ್ಪು ಬಂತು. ಸ್ವಲ್ಪ ದಿನಕ್ಕೇ ನಾವು ಮೇಲ್ಮನವಿ ಹಾಕಿದೆವು. ಎಲ್ಲಿಗೆ? ಅದೇ ಖಾಲಿ ಕುರ್ಚಿಗಳಿಗೆ.

ಆ ದಿನ ನಮ್ಮ ಊರಿನ ಡೇರಿ ಮುಂದೆ ಒಬ್ಬರು ಪೇಪರ್ ಓದಿ, 'ಒಳ್ಳೇದೇ ಆಯ್ತು ಬಿಡು, ಕೇಸು ಅಲ್ಲೇ ಕೊಳೀಲಿ' ಅಂದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಗುಮಾಸ್ತನ ನೆನಪಾಯಿತು. ಅವನು ನನ್ನ ಮುಂದೆ ಆಡಿದ ಮಾತನ್ನೇ ನಮ್ಮ ಸರ್ಕಾರ ಬ್ರೆಜಿಲ್‌ಗೆ ಆಡಿದ ಹಾಗಾಯಿತು, ಅಲ್ವಾ?

ಹಾಗಂತ ಆ ತೀರ್ಪು ನ್ಯಾಯವಾಗಿತ್ತು ಅಂತ ನಾನು ಹೇಳುತ್ತಿಲ್ಲ. ತೀರ್ಪು ಕೊಟ್ಟವರಿಗಿಂತ ಅವರ ಕೈಗೆ ಕೊಟ್ಟ ಅಳತೆಗೋಲೇ ಸೊಟ್ಟ. ಇದು ಈ ಪತ್ರದ ಮುಖ್ಯ ಭಾಗ, ಸ್ವಲ್ಪ ತಾಳ್ಮೆ ಇರಲಿ.

ಕೃಷಿ ಒಪ್ಪಂದದಲ್ಲಿ ಸಹಾಯಧನವನ್ನು ಲೆಕ್ಕ ಹಾಕುವುದು ಹೀಗೆ. ಸರ್ಕಾರ ಕಟ್ಟಿದ ಇವತ್ತಿನ ಬೆಲೆ ತೆಗೆದುಕೊಳ್ಳಿ. ಅದರಿಂದ ಒಂದು ಹಳೆಯ ಅಂತರರಾಷ್ಟ್ರೀಯ ಬೆಲೆ ಕಳೆಯಿರಿ. ಉಳಿದದ್ದನ್ನು ಬೆಳೆಯ ಪ್ರಮಾಣದಿಂದ ಗುಣಿಸಿ. ಬಂದ ಮೊತ್ತ ಆ ಬೆಳೆಯ ಒಟ್ಟು ಬೆಲೆಯ ಶೇ 10 ದಾಟಬಾರದು. ಕೇಳಲು ಸರಿಯಾಗೇ ಇದೆ. ಆದರೆ ಆ 'ಹಳೆಯ ಬೆಲೆ' ಯಾವ ಕಾಲದ್ದು ಗೊತ್ತಾ? 1986ರಿಂದ 88ರ ಸರಾಸರಿ. ಅಲ್ಲೇ ಮೊಳೆ ಹೊಡೆದು ನಿಲ್ಲಿಸಿಬಿಟ್ಟಿದ್ದಾರೆ.

ಆಗ ಸರ್ಕಾರದ ಕನಿಷ್ಠ ಕಬ್ಬಿನ ಬೆಲೆ ಕ್ವಿಂಟಲ್‌ಗೆ 20 ರೂಪಾಯಿ ಕೂಡ ಇರಲಿಲ್ಲ. 2025-26ರ ಹಂಗಾಮಿಗೆ ಎಫ್‌ಆರ್‌ಪಿ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಈ ನಡುವೆ ಗೊಬ್ಬರ, ಡೀಸೆಲ್, ಕಟಾವು ಕೂಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಮ್ಮಲ್ಲಿ ಕಬ್ಬು ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಕಾರ್ಖಾನೆ ಇಟ್ಟವರೂ ನಿಮ್ಮಲ್ಲಿದ್ದಾರೆ, ಅವರಿಗೂ ಗೊತ್ತು.

ಅಕ್ಕಿಯ ಲೆಕ್ಕ ಇನ್ನೂ ತಮಾಷೆ. ಭಾರತದ ಅಕ್ಕಿಗೆ ಹಿಡಿದ ಹಳೆಯ ಬೆಲೆ ಟನ್‌ಗೆ ಸುಮಾರು 260 ಡಾಲರ್. 2023-24ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,183 ರೂಪಾಯಿ ಇತ್ತು. ಅಕ್ಕಿ ಮಾಡಿಸಿ ಡಾಲರ್‌ಗೆ ತಿರುಗಿಸಿದರೆ ಟನ್‌ಗೆ ಸುಮಾರು 390. ಅದೇ ಹೊತ್ತಿಗೆ, 2024ರ ಶುರುವಿನಲ್ಲಿ, ಥಾಯ್ಲೆಂಡ್ ಅಕ್ಕಿ ಜಗತ್ತಿನ ಮಾರುಕಟ್ಟೆಯಲ್ಲಿ 600 ಡಾಲರ್ ದಾಟಿತ್ತು. ಅಂದರೆ ನಮ್ಮ ರೈತನಿಗೆ ಸಿಗುತ್ತಿದ್ದದ್ದು ಹೊರಗಿನ ಬೆಲೆಗಿಂತ ಕಡಿಮೆ. ಜಿನೀವಾದ ಪುಸ್ತಕದಲ್ಲಿ ಮಾತ್ರ ಟನ್‌ಗೆ 130 ಡಾಲರ್ ಸಹಾಯಧನ ಪಡೆದವನು! 1987ರ ರೇಷನ್ ಅಂಗಡಿಯ ದರಪಟ್ಟಿ ಹಿಡಿದು ಇವತ್ತಿನ ಸಂಬಳ ಜಾಸ್ತಿಯಾಯಿತು ಅಂತ ಯಾರಾದರೂ ಜಗಳಕ್ಕೆ ಬಂದರೆ ಏನನ್ನುತ್ತೀರಿ?

ಈ ಅಳತೆಯಿಂದಲೇ 2018-19ರಲ್ಲಿ ಅಕ್ಕಿಗೆ ಕೊಟ್ಟ ಬೆಂಬಲ ಶೇ 11.46 ಅಂತ ನಾವೇ ಬರೆದುಕೊಡಬೇಕಾಯಿತು. 'ಶಾಂತಿ ಕಲಮು' ಅನ್ನುವ ರಕ್ಷಣೆಯನ್ನು ಬಳಸಿದ ಮೊದಲ ದೇಶ ಭಾರತವೇ. 2013ರಲ್ಲಿ ಬಾಲಿಯಲ್ಲಿ ಆದ ಒಪ್ಪಂದ ಅದು. ಬಡವರಿಗೆ ಹಂಚಲು ಸರ್ಕಾರ ಧಾನ್ಯ ಕೊಂಡಿಟ್ಟುಕೊಂಡು ಮಿತಿ ಮೀರಿದರೂ ಯಾರೂ ದೂರು ಕೊಡಬಾರದು, ಅಷ್ಟೇ. ಆದರೆ ಅದಕ್ಕೂ ಒಂದು ಕೊಕ್ಕೆ ಇದೆ. ಆ ಯೋಜನೆ 2013ರ ಡಿಸೆಂಬರ್‌ಗೆ ಮೊದಲೇ ನಡೆಯುತ್ತಿರಬೇಕು. ನಾಳೆ ಕರ್ನಾಟಕಕ್ಕೆ ಅಂತ ಹೊಸದಾಗಿ ಒಂದು ಧಾನ್ಯದ ಯೋಜನೆ ಮಾಡಿ ಮಿತಿ ದಾಟಿದರೆ ಈ ಕೊಡೆ ನಮ್ಮ ತಲೆ ಮೇಲೆ ಇರುವುದಿಲ್ಲ. ಶಾಶ್ವತ ಪರಿಹಾರ ಕೊಡುತ್ತೇವೆ ಅಂತ ಬಾಲಿಯಲ್ಲಿ ಮಾತು ಕೊಟ್ಟಿದ್ದರು. ನೈರೋಬಿ, ಬ್ಯೂನಸ್ ಐರಿಸ್, ಜಿನೀವಾ, ಅಬುಧಾಬಿ ಎಲ್ಲ ಸುತ್ತಿ ಬಂದರೂ ಅದು ಬರಲಿಲ್ಲ.

ಅತ್ತ ಶ್ರೀಮಂತ ದೇಶಗಳಿಗೆ ಏನು ಮಿತಿ? ಒಪ್ಪಂದ ಬರೆಯುವಾಗಲೇ ಜಾಸ್ತಿ ಸಹಾಯಧನ ಕೊಡುತ್ತಿದ್ದವರಿಗೆ ದೊಡ್ಡ ಚೀಲವನ್ನೇ ಬಿಟ್ಟುಕೊಟ್ಟರು. ಅಮೆರಿಕ ವರ್ಷಕ್ಕೆ ಸುಮಾರು 1,900 ಕೋಟಿ ಡಾಲರ್‌ವರೆಗೆ ಕೊಡಬಹುದು. ಐರೋಪ್ಯ ಒಕ್ಕೂಟದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಆಗ ಕೈ ಖಾಲಿ ಇದ್ದವರಿಗೆ ಶೇ 10. ಕುಡಿದವನಿಗೆ ಇನ್ನಷ್ಟು ಕುಡಿಯಲು ಪರ್ಮಿಟ್ಟು, ಕುಡಿಯದವನಿಗೆ ಒಂದೇ ಲೋಟ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಬ್ಲ್ಯುಟಿಒ ಬಂದು ಗೊಬ್ಬರದ ಸಬ್ಸಿಡಿ, ಪಂಪ್‌ಸೆಟ್ಟಿನ ಕರೆಂಟು ಕಿತ್ತುಕೊಳ್ಳುತ್ತದೆ ಅಂತ ವೇದಿಕೆ ಮೇಲೆ ನಿಮ್ಮಲ್ಲಿ ಕೆಲವರು ಹೇಳಿದ್ದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಬಡ ರೈತರಿಗೆ ಕೊಡುವ ಇಂಥ ನೆರವಿಗೆ ಒಪ್ಪಂದದಲ್ಲೇ ವಿನಾಯಿತಿ ಇದೆ, ಭಾರತ ಅದನ್ನು ಪೂರ್ತಿ ಬಳಸಿಕೊಳ್ಳುತ್ತಿದೆ. ಇಲ್ಲದ ಹುಲಿ ತೋರಿಸಿದರೆ, ನಿಜವಾದ ಹುಲಿ ಬಂದಾಗ ಯಾರೂ ನಂಬುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಹಳೆಯ ಕತೆಯನ್ನೂ ಹೇಳಬೇಕು, ಇಲ್ಲದಿದ್ದರೆ ಗೆಳೆಯರು ಬಿಡುವುದಿಲ್ಲ. 1993ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರೈತ ಸಂಘ ಬೀಜ ಸತ್ಯಾಗ್ರಹದ ದೊಡ್ಡ ಸಭೆ ಮಾಡಿತು. ನನಗಾಗ ಇಪ್ಪತ್ತು. ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಲಾರಿ ಹತ್ತಿ ಹೋಗಿದ್ದೆ. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಮಾತಿನಲ್ಲಿ ಅರ್ಧ ಅರ್ಥವಾಯಿತು, ಅರ್ಧ ತಲೆ ಮೇಲೆ ಹೋಯಿತು. 'ಡಂಕೆಲ್‌ಗೆ ಧಿಕ್ಕಾರ' ಅಂತ ಗಂಟಲು ಕಟ್ಟುವವರೆಗೆ ಕೂಗಿದೆವು. ಡಂಕೆಲ್ ಅನ್ನುವುದು ಒಬ್ಬ ಮನುಷ್ಯನ ಹೆಸರು, ಡಬ್ಲ್ಯುಟಿಒಗೆ ಮುಂಚೆ ಇದ್ದ ಗ್ಯಾಟ್ ಅನ್ನುವ ವ್ಯಾಪಾರ ಒಪ್ಪಂದದ ಮುಖ್ಯಸ್ಥ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕರಡು ಅದು ಅಂತ ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ. ನಾನು ಅದನ್ನು ಯಾವುದೋ ಕೀಟನಾಶಕ ಅಂದುಕೊಂಡಿದ್ದೆ.

ಆ ಕೂಗು ವ್ಯರ್ಥವಾಗಲಿಲ್ಲ. ಬೀಜ ಎತ್ತಿಡುವ, ಬಿತ್ತುವ, ನೆರೆಯವನಿಗೆ ಕೊಡುವ ಹಕ್ಕು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಉಳಿಯಿತು. ಆದರೂ 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರ್ರಾಕೆಷ್‌ನಲ್ಲಿ ಡಬ್ಲ್ಯುಟಿಒ ಒಪ್ಪಂದಕ್ಕೆ ಸಹಿ ಆಯಿತು. ಆಗ ವಾಣಿಜ್ಯ ಸಚಿವರು ಪ್ರಣವ್ ಮುಖರ್ಜಿ. ಅದಕ್ಕೆ ಸಂಸತ್ತಿನ ಮತ ಬೇಕಾಗಿರಲಿಲ್ಲ, ಕೇಳಲೂ ಇಲ್ಲ.

ಇಲ್ಲಿ ಒಂದು ಸಣ್ಣ ವಿನೋದ ನೋಡಿ. ಸಂವಿಧಾನದ ಏಳನೇ ಅನುಸೂಚಿ ತೆಗೆಯಿರಿ. ಕೇಂದ್ರ ಪಟ್ಟಿಯ 14ನೇ ನಮೂದು: ವಿದೇಶಗಳ ಜೊತೆ ಒಪ್ಪಂದ. ರಾಜ್ಯ ಪಟ್ಟಿಯ 14ನೇ ನಮೂದು: ಕೃಷಿ. ನಂಬರ್ ಒಂದೇ, ಮನೆ ಬೇರೆ. ಬೆಳೆಯುವುದು ಇಲ್ಲಿ, ಸಹಿ ಹಾಕುವುದು ಅಲ್ಲಿ. ನಡುವೆ ಇರುವವರು ನೀವು ನಲವತ್ತು ಮಂದಿ. ಅದಕ್ಕೇ ಈ ಪತ್ರ ಮಂತ್ರಿಗಳಿಗಲ್ಲ, ನಿಮಗೆ.

ಅವತ್ತು ಆ ಕಟ್ಟೆಯೇ ಬೇಡ ಅಂತ ಕೂಗಿದವನು ಇವತ್ತು ಅದೇ ಕಟ್ಟೆಗೆ ನ್ಯಾಯ ಹೇಳುವವರನ್ನು ಕರೆತನ್ನಿ ಅನ್ನುತ್ತಿದ್ದಾನೆ. ಹಳೆಯ ಸಂಗಾತಿಗಳು 'ಏನಯ್ಯಾ, ಶಾಲು ಬದಲಾಯಿಸಿದ್ಯಾ?' ಅಂತಾರೆ. ಶಾಲು ಅದೇ. ಆದರೆ ಕಟ್ಟೆ ಇಲ್ಲದಾಗ ಏನಾಗುತ್ತದೆ ಅಂತ ಈಗ ಕಣ್ಣಾರೆ ಕಂಡಿದ್ದೇನೆ. ಆನೆ ನಡೆದದ್ದೇ ದಾರಿ ಆಗುತ್ತದೆ.

ಆ ಕಟ್ಟೆ ನೆಟ್ಟಗಿದ್ದಾಗಲೂ ಆನೆಯನ್ನು ಕಟ್ಟುವುದು ಸುಲಭ ಇರಲಿಲ್ಲ, ಅದೂ ನಿಜ. ಕೆರಿಬಿಯನ್‌ನ ಆಂಟಿಗುವಾ ಅನ್ನುವ ಪುಟ್ಟ ದ್ವೀಪ ದೇಶ ಆನ್‌ಲೈನ್ ಜೂಜಿನ ವಿಷಯದಲ್ಲಿ ಅಮೆರಿಕದ ಮೇಲೆ ದೂರು ಕೊಟ್ಟು ಗೆದ್ದಿತು. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್‌ನಷ್ಟು ಪ್ರತೀಕಾರ ತೀರಿಸಿಕೊಳ್ಳಬಹುದು ಅಂತ ಅಪ್ಪಣೆಯೂ ಸಿಕ್ಕಿತು. ಆ ದ್ವೀಪದವರು ಅಮೆರಿಕದ ಸರಕಿಗೆ ಸುಂಕ ಹಾಕಿದರೆ ಅಮೆರಿಕಕ್ಕೆ ಸೊಳ್ಳೆ ಕಚ್ಚಿದ ಹಾಗೂ ಆಗುವುದಿಲ್ಲ. ಬೆಲೆ ಏರುವುದು ಅವರದೇ ಅಂಗಡಿಯಲ್ಲಿ. ಗೆದ್ದ ಕಾಗದ ಕೈಯಲ್ಲಿ ಇದೆ, ಅಷ್ಟೇ.

ಬ್ರೆಜಿಲ್ ಕತೆ ಬೇರೆ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಸುರಿಯುತ್ತಿದ್ದ ದುಡ್ಡಿನ ಮೇಲೆ ಬ್ರೆಜಿಲ್ ದೂರು ಕೊಟ್ಟಿತು, ಗೆದ್ದಿತು. ಅಮೆರಿಕ ಸಹಾಯಧನ ಪೂರ್ತಿ ಬಿಡಲಿಲ್ಲ. ಬದಲಿಗೆ 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರ್ ಬ್ರೆಜಿಲ್‌ನ ಹತ್ತಿ ರೈತರ ನಿಧಿಗೆ ಕೊಡಲು ಒಪ್ಪಿತು. ತನ್ನ ರೈತರಿಗೆ ಕೊಡುವುದನ್ನು ಮುಂದುವರಿಸಲು ಪರದೇಶದ ರೈತರಿಗೂ ಕೊಟ್ಟ ಹಾಗೆ! 2014ರಲ್ಲಿ ಇನ್ನೂ 30 ಕೋಟಿ ಕೊಟ್ಟು ಮೊಕದ್ದಮೆ ಮುಗಿಸಿತು. ಪಶ್ಚಿಮ, ಮಧ್ಯ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ದೇಶದ ಹತ್ತಿ ರೈತರೂ ಇದೇ ಸಹಾಯಧನದಿಂದ ಬೆಲೆ ಕಳೆದುಕೊಂಡವರು. ಅವರಿಗೆ ಅಮೆರಿಕದಿಂದ ಇಂಥ ಪರಿಹಾರ ಬರಲಿಲ್ಲ. ಹತ್ತಿ ಅದೇ, ನಷ್ಟ ಅದೇ, ಗೆದ್ದು ವಸೂಲು ಮಾಡುವ ತಾಕತ್ತು ಮಾತ್ರ ಒಬ್ಬರಿಗೇ ಇತ್ತು.

ಹಾಗಾಗಿ ಕಟ್ಟೆ ಹಿಂದಿನಂತೆ ಬಂದರೆ ಸಾಲದು. ಗೆದ್ದ ಸಣ್ಣವನಿಗೆ ಕೈಗೆ ಏನಾದರೂ ಸಿಗುವ ಹಾಗೆ ಮಾಡಬೇಕು, ಅದು ಸುಂಕ ಏರಿಸುವ ಅಪ್ಪಣೆಯಲ್ಲ, ನಗದು ಪರಿಹಾರ. ಮೇಲ್ಮನವಿ ಮಂಡಳಿಯ ಮೇಲೆ ಅಮೆರಿಕ ಹೇಳುವ ದೂರಿನಲ್ಲೂ ಕೇಳಬೇಕಾದ್ದು ಇದೆ. ಮೇಲ್ಮನವಿಯನ್ನು 90 ದಿನದಲ್ಲಿ ಮುಗಿಸಬೇಕು ಅಂತ ನಿಯಮ ಇತ್ತು, ಮಂಡಳಿ ಅದನ್ನು ಎಷ್ಟೋ ಸಲ ಮೀರಿತು. ಒಪ್ಪಂದದಲ್ಲಿ ಬರೆಯದ್ದನ್ನು ತೀರ್ಪಿನಲ್ಲಿ ಸೇರಿಸಿತು ಅನ್ನುವ ಆಕ್ಷೇಪವೂ ಪೂರ್ತಿ ಸುಳ್ಳಲ್ಲ. ಇದನ್ನೆಲ್ಲ ಸರಿ ಮಾಡಬಹುದಿತ್ತು. ಮಾಳಿಗೆ ಸೋರುತ್ತೆ ಅಂತ ಮನೆಯನ್ನೇ ಕೆಡವಬೇಕಿರಲಿಲ್ಲ.

ಸರಿ, ಈಗ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳೋಣ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಬಂತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಬಿತ್ತು, ನಮ್ಮ ಮಳವಳ್ಳಿ, ಮದ್ದೂರು ಕಡೆ ಹಿಪ್ಪುನೇರಳೆ ಕಿತ್ತು ಹಾಕಿದವರೂ ಇದ್ದಾರೆ. ಎಲ್ಲರೂ ಡಬ್ಲ್ಯುಟಿಒಗೆ ಬೈದರು. ಇಳಿಸಿ ಅಂತ ಜಿನೀವಾ ಹೇಳಿರಲಿಲ್ಲ. ಇಳಿಸಿದ್ದು ದೆಹಲಿ. 2013ರಲ್ಲಿ ಅದೇ ದೆಹಲಿ ಶೇ 15ಕ್ಕೆ ಏರಿಸಿತು. ಅಲ್ಲಿಯವರೆಗೆ ಎರಡು ವರ್ಷ ಹೋಗಿತ್ತು.

ಅಕ್ಕಿಯದ್ದೂ ಹಾಗೆ. ಬೇರೆ ದೇಶದವರು ನಮ್ಮ ಮೇಲೆ ಇಡುವ ಒಂದು ಆರೋಪ ಇದೆ. ಬಡವರಿಗೆ ಅಂತ ಕೊಳ್ಳುತ್ತೀರಿ, ಆದರೆ ಜಗತ್ತಿಗೆ ಅತಿ ಹೆಚ್ಚು ಅಕ್ಕಿ ಮಾರುವವರೂ ನೀವೇ, ಇದು ಹೇಗೆ ಅಂತ. 2023ರ ಜುಲೈನಲ್ಲಿ ನಾವು ಬಿಳಿ ಅಕ್ಕಿಯ ರಫ್ತನ್ನು ರಾತ್ರೋರಾತ್ರಿ ನಿಲ್ಲಿಸಿದಾಗ ಆಫ್ರಿಕಾದ ಬಡ ದೇಶಗಳಿಗೆ ಏಟು ಬಿತ್ತು. ಥಾಯ್ ಅಕ್ಕಿ 600 ಡಾಲರ್ ಮುಟ್ಟಿದ್ದರಲ್ಲಿ ನಮ್ಮ ಆ ನಿಷೇಧದ ಪಾಲೂ ಇತ್ತು. ಶಾಶ್ವತ ಪರಿಹಾರ ಕೇಳುವಾಗ ಈ ಪ್ರಶ್ನೆಗೂ ಉತ್ತರ ಇಟ್ಟುಕೊಂಡು ಹೋಗಬೇಕು. ಜಿನೀವಾದಲ್ಲಿ ನಮ್ಮವರು 'ಬೇಡ' ಅಂದದ್ದರ ಪಟ್ಟಿ ಉದ್ದ ಇದೆ. ಹೂಡಿಕೆ ಒಪ್ಪಂದ ಬೇಡ, ಅದು ಬೇಡ, ಇದು ಬೇಡ. ಅದರಲ್ಲಿ ಕೆಲವು ಸರಿಯಾದ ಬೇಡಗಳೇ. 'ಬೇಕು' ಪಟ್ಟಿಯಲ್ಲಿ ಮೊದಲ ಸಾಲು ಯಾವುದು ಅಂತ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿಲ್ಲ.

ಮೊದಲ ಸಾಲು ಆ ಏಳು ಕುರ್ಚಿ ಆಗಲಿ ಅನ್ನುವುದು ನನ್ನ ಬೇಡಿಕೆ. ಹಳೆಯ ಮಂಡಳಿಯೇ ವಾಪಸ್ ಬರಲಿ ಅಂತ ನಮ್ಮ ಸರ್ಕಾರ ಹೇಳುತ್ತದೆ. ಬಾಯಿಯಲ್ಲಿ ಹಾಗೆ ಹೇಳಿ, ಕೈಯಲ್ಲಿ ಖಾಲಿ ಕುರ್ಚಿಗೆ ಮೇಲ್ಮನವಿ ಹಾಕುತ್ತದೆ. ಸಕ್ಕರೆ ಒಂದೇ ಅಲ್ಲ, ಮೊಬೈಲ್ ಫೋನ್ ಸುಂಕದ ಮೊಕದ್ದಮೆಯಲ್ಲೂ 2023ರಲ್ಲಿ ಜಪಾನ್, ಐರೋಪ್ಯ ಒಕ್ಕೂಟದ ಎದುರು ಇದೇ ಆಯಿತು. ಅದೇ ಹೊತ್ತಿಗೆ ಐರೋಪ್ಯ ಒಕ್ಕೂಟ, ಚೀನಾ, ಕೆನಡಾದಂಥ ದೇಶಗಳು 'ಮಂಡಳಿ ಬರುವವರೆಗೆ ನಮ್ಮನಮ್ಮಲ್ಲಿ ಮಧ್ಯಸ್ಥರನ್ನು ಇಟ್ಟುಕೊಳ್ಳೋಣ' ಅಂತ 2020ರಿಂದ ಒಂದು ತಾತ್ಕಾಲಿಕ ವ್ಯವಸ್ಥೆ ಕಟ್ಟಿಕೊಂಡಿವೆ. ನಮ್ಮ ಮೇಲೆ ಸಕ್ಕರೆ ದೂರು ಕೊಟ್ಟ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಅದರಲ್ಲಿವೆ. ಪಾಕಿಸ್ತಾನವೂ ಇದೆ. ನಾವಿಲ್ಲ. ತಾತ್ಕಾಲಿಕಕ್ಕೆ ಸೇರಿದರೆ ಅದೇ ಶಾಶ್ವತ ಆಗಿಬಿಡುತ್ತದೆ ಅನ್ನುವ ಭಯ ಇರಬಹುದು. 2020ರಿಂದ ಏಳೂ ಕುರ್ಚಿ ಖಾಲಿ ಇರುವುದು ಶಾಶ್ವತ ಆಗುತ್ತಿಲ್ಲವೇ?

ಸೇರಿದರೆ ಸಕ್ಕರೆಯಂಥ ಮೊಕದ್ದಮೆ ಸೋಲಬಹುದು. ಸೋಲುತ್ತೇವೆ ಅಂತಲೇ ಇಟ್ಟುಕೊಳ್ಳಿ. ಕಬ್ಬು ಬೆಳೆಗಾರನಾಗಿ ಹೇಳುತ್ತೇನೆ, ರಫ್ತಿಗೆ ಅಂತ 2019-20ರಲ್ಲಿ ಸರ್ಕಾರ ಟನ್ ಸಕ್ಕರೆಗೆ 10,448 ರೂಪಾಯಿ ಕೊಟ್ಟಿತು. ಕಬ್ಬಿನ ಬಾಕಿ ತೀರಿಸಲಿ ಅಂತ ಕೊಟ್ಟದ್ದು ಅದು. ಬಾಕಿ ಮತ್ತೆ ಬೆಳೆಯಿತು. ಅದನ್ನು ಉಳಿಸಿಕೊಳ್ಳಲು ಜಗತ್ತಿನ ನ್ಯಾಯಾಲಯವೇ ಖಾಲಿ ಇರಲಿ ಅನ್ನುವಷ್ಟು ದೊಡ್ಡ ಲಾಭ ನನಗೇನೂ ಕಾಣಲಿಲ್ಲ. ಆದರೆ ನನ್ನ ಅಕ್ಕನ ಮಗಳ ಓಟಿ ನಿಂತಾಗ ಕೇಳಲು ಒಂದು ಬಾಗಿಲು ಇದ್ದಿದ್ದರೆ ಅಂತ ಅನಿಸಿದ್ದು ನಿಜ. ಬ್ರೆಜಿಲ್, ಕೆನಡಾ, ಚೀನಾ 2025ರಲ್ಲಿ ಅಮೆರಿಕದ ಸುಂಕದ ಮೇಲೆ ಜಿನೀವಾಕ್ಕೆ ಹೋಗಿ ದೂರು ದಾಖಲಿಸಿದವು. ಗೆದ್ದರೂ ಅಮೆರಿಕ ಹಾಕುವುದು ಅದೇ ಖಾಲಿ ಡಬ್ಬಕ್ಕೆ. 'ನೀವೂ ಹಾಕಿದ್ದಿರಲ್ಲ' ಅಂದರೆ ನಾವು ಯಾವ ಮುಖದಲ್ಲಿ ಎದುರು ಮಾತಾಡುವುದು?

ನಿಮ್ಮಿಂದ ದೊಡ್ಡದೇನೂ ಕೇಳುತ್ತಿಲ್ಲ. ಒಂದು ಚುಕ್ಕೆ ಗುರುತಿನ ಪ್ರಶ್ನೆ. 15 ದಿನ ಮುಂಚೆ ನೋಟಿಸ್ ಕೊಟ್ಟರೆ ಆಯಿತು. ಲಿಖಿತ ಉತ್ತರ ಸಾಲದು, ಸಚಿವರು ಸದನದಲ್ಲಿ ಎದ್ದು ನಿಂತು ಹೇಳಬೇಕು, ಅದಕ್ಕೇ ಚುಕ್ಕೆ. ಪ್ರಶ್ನೆಯನ್ನೂ ಬರೆದುಕೊಡುತ್ತೇನೆ, ನಿಮ್ಮ ಆಪ್ತ ಸಹಾಯಕರಿಗೆ ಕೆಲಸ ಕಡಿಮೆ:

'ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಕೆಲಸ ನಿಲ್ಲಿಸಿದ ಮೇಲೆ ಭಾರತ ಎಷ್ಟು ಮೊಕದ್ದಮೆಗಳಲ್ಲಿ ಆ ಮಂಡಳಿಗೆ ಮೇಲ್ಮನವಿ ಸಲ್ಲಿಸಿದೆ. ತಾತ್ಕಾಲಿಕ ಮಧ್ಯಸ್ಥಿಕೆ ವ್ಯವಸ್ಥೆಗೆ ಸೇರದಿರಲು ಕಾರಣಗಳೇನು. 1986-88ರ ಬೆಲೆಯ ಬದಲಿಗೆ ಇತ್ತೀಚಿನ ವರ್ಷಗಳ ಸರಾಸರಿ ಬೆಲೆ ಹಿಡಿಯಬೇಕೆಂಬ ಬೇಡಿಕೆ ಈಗ ಯಾವ ಹಂತದಲ್ಲಿದೆ. ಈ ವಿಷಯದಲ್ಲಿ ಸಚಿವರ ಮಟ್ಟದ ಸಭೆಗೆ ಹೋಗುವ ಮೊದಲು ಕಬ್ಬು, ಭತ್ತ, ರಾಗಿ ಬೆಳೆಯುವ ರಾಜ್ಯಗಳ ಸರ್ಕಾರಗಳನ್ನು ಕೇಳಲಾಗಿದೆಯೇ, ಕೇಳಿದ್ದರೆ ಕರ್ನಾಟಕ ಏನು ಉತ್ತರ ಕೊಟ್ಟಿದೆ?'

ಕೊನೆಯ ಭಾಗವನ್ನು ಬಿಡಬೇಡಿ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ಅಂತ ಗೊತ್ತು. ಆದರೂ ಒಮ್ಮೆ ಕೇಳಿದ್ದಾರಾ ಅಂತ ತಿಳಿಯುವ ಕುತೂಹಲ.

ನಲವತ್ತು ಮಂದಿಯಲ್ಲಿ ಯಾರು ಮೊದಲು ಕೇಳಿದರೂ ಸರಿ. ಉತ್ತರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ. ಕನ್ನಡಕ್ಕೆ ನಾನು ತರ್ಜುಮೆ ಮಾಡಿಸಿ ನಮ್ಮ ಡೇರಿ ಮುಂದಿನ ಬೋರ್ಡಿಗೆ ಅಂಟಿಸುತ್ತೇನೆ. ಕೂಳೆ ಕಬ್ಬಿಗೆ ಕಟಾವು ಆರ್ಡರ್ ಬಂದಿದೆ, ಇನ್ನು ಹದಿನೈದು ದಿನ ಹೊಲದಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮಂಡ್ಯ ಜಿಲ್ಲೆಯ ಒಬ್ಬ ಕಬ್ಬು ಬೆಳೆಗಾರ